ದೂರದ ದಾರಿ ಮತ್ತು ಬೈಸಿಕಲ್ಲಿನ ಗೇರು

ದೀರ್ಘ ಪಯಣದ ಬೈಸಿಕಲ್ಲಿನ ಯಾವ ಬಿಡಿಭಾಗವನ್ನೇ ಆಗಲಿ, ಎರಡು ದೃಷ್ಟಿಯಿಂದ ತೂಗಿ ನೋಡಬೇಕಾಗುತ್ತದೆ. ಸವಾರನ ಶಕ್ತಿಯಲ್ಲಿ ಎಷ್ಟು ಪಾಲು ವ್ಯರ್ಥವಾಗದೆ ಚಲನೆಗೆ ಸಲ್ಲುತ್ತದೆ ಎಂಬುದು ಒಂದು. ಊರುಕೇರಿಯಿಲ್ಲದ ದಾರಿಯಲ್ಲಿ ಅದು ಕೈಕೊಡದೆ ಉಳಿಯುವುದೇ ಎಂಬುದು ಇನ್ನೊಂದು. ಈ ಚರ್ಚೆಗೆ ನೂರು ವರ್ಷಗಳಿಗೂ ಮೀರಿದ ಇತಿಹಾಸವಿದೆ.

ಫ್ರಾನ್ಸಿನಲ್ಲಿ 1891ರಲ್ಲಿ ನಡೆದ ಪ್ಯಾರಿಸ್–ಬ್ರೆಸ್ಟ್–ಪ್ಯಾರಿಸ್ ಪಂದ್ಯದ ದೂರ ಸುಮಾರು 1200 ಕಿಲೋಮೀಟರು. ಗಾಳಿ ತುಂಬಿದ ಟೈರು ಆಗಿನ್ನೂ ಹೊಸತು. ಗಟ್ಟಿ ರಬ್ಬರಿನ ಟೈರಿಗಿಂತ ಅದು ಸಲೀಸಾಗಿ ಉರುಳುತ್ತಿತ್ತಾದರೂ ಪಂಕ್ಚರಿನ ಭಯ ತಪ್ಪಿದ್ದಲ್ಲ. ಮಿಷೆಲಿನ್ ಸಂಸ್ಥೆಯು ದಾರಿಯಲ್ಲಿಯೇ ಕಳಚಿ ದುರಸ್ತಿ ಮಾಡಬಹುದಾದ ಟೈರನ್ನು ರೂಪಿಸಿತು. ಅದನ್ನು ಬಳಸಿದ ಷಾರ್ಲ್ ಟೆರೋಂ 72 ಗಂಟೆಗಳೊಳಗೆ ಗುರಿ ಮುಟ್ಟಿ ಗೆದ್ದನು. ರಿಪೇರಿ ಸುಲಭವಾದ ಮೇಲೆಯೇ ಹೊಸ ಟೈರಿನ ವೇಗ ಉಪಯೋಗಕ್ಕೆ ಬಂದಿತೆಂಬುದನ್ನು ಓದುಗರು ಗಮನಿಸಬೇಕು.

ಗೇರಿನ ವಿಷಯದಲ್ಲಿ ಹೋರಾಟ ಇನ್ನೂ ದೀರ್ಘವಾಯಿತು. ಸಾಂತ್ ಎತಿಯೆನ್ನಿನ ಪೌಲ್ ದ ವಿವಿ, ‘ವೆಲೋಸಿಯೊ’ ಎಂಬ ಹೆಸರಿನಿಂದ ಬರೆಯುತ್ತ, ಬೆಟ್ಟಗಳ ದಾರಿಗೆ ಹಲವು ಗೇರುಗಳು ಅಗತ್ಯವೆಂದು ವಾದಿಸಿದನು. ‘ಟೂರ್ ದ ಫ್ರಾನ್ಸ್’ ಪಂದ್ಯದ ಸ್ಥಾಪಕ ಆನ್ರಿ ದೆಗ್ರಾಂಜ್ ಇದನ್ನು ಒಪ್ಪಲಿಲ್ಲ. ಗೆಲುವು ಸ್ನಾಯುಬಲದ್ದಾಗಬೇಕೇ ಹೊರತು ಯಂತ್ರದ್ದಲ್ಲ ಎಂಬುದು ಅವನ ನಿಲುವು. ಹೀಗಾಗಿ ಸ್ಪರ್ಧಿಗಳು ಬೆಟ್ಟದ ಬುಡದಲ್ಲಿ ಇಳಿದು, ಹಿಂದಿನ ಚಕ್ರವನ್ನು ಬಿಚ್ಚಿ, ತಿರುಗಿಸಿ, ಇನ್ನೊಂದು ಬದಿಯ ಹಲ್ಲುಚಕ್ರಕ್ಕೆ ಚೈನನ್ನು ಹಾಕಿಕೊಳ್ಳುತ್ತಿದ್ದರು. ಚೈನನ್ನು ಹಲ್ಲಿನಿಂದ ಹಲ್ಲಿಗೆ ಸರಿಸುವ ಡಿರೇಲರಿಗೆ ಅನುಮತಿ ದೊರೆತದ್ದು 1937ರಲ್ಲಿ. ಆ ವರ್ಷ ಗೆದ್ದ ರೋಜೆ ಲಾಪೆಬಿಯ ಬೈಸಿಕಲ್ಲಿನಲ್ಲಿ ಅದೇ ಇತ್ತು.

ಬಿಡಿಭಾಗ ಮುರಿದರೆ ತೆರಬೇಕಾದ ಬೆಲೆ ಎಷ್ಟೆಂಬುದು 1913ರಲ್ಲಿಯೇ ತಿಳಿದಿತ್ತು. ತುರ್ಮಾಲೆ ಕಣಿವೆಯಲ್ಲಿ ಇಳಿಯುವಾಗ ಯುಜೀನ್ ಕ್ರಿಸ್ತಾಫನ ಮುಂಚಕ್ರದ ಫೋರ್ಕು ಮುರಿಯಿತು. ಬೈಸಿಕಲ್ಲನ್ನು ಹೊತ್ತು ನಡೆದು, ಕೆಳಗಿನ ಊರಿನ ಕುಲುಮೆಯಲ್ಲಿ ತಾನೇ ಕಬ್ಬಿಣ ಕಾಯಿಸಿ ಬಡಿದು ಸರಿಪಡಿಸಿಕೊಂಡನು. ಹುಡುಗನೊಬ್ಬ ತಿದಿ ಒತ್ತಿದ್ದಕ್ಕಾಗಿ ಹೊರಗಿನ ನೆರವು ಪಡೆದನೆಂದು ಅವನಿಗೆ ದಂಡವನ್ನೂ ವಿಧಿಸಿದರು!

ಇಂಗ್ಲೆಂಡಿನ ಟಾಮಿ ಗಾಡ್ವಿನ್ 1939ರ ಒಂದೇ ವರ್ಷದಲ್ಲಿ 75,065 ಮೈಲಿ ತುಳಿದಾಗ ಬಳಸಿದ್ದು ಸ್ಟರ್ಮೆ–ಆರ್ಚರ್ ಸಂಸ್ಥೆಯ ನಾಲ್ಕು ವೇಗಗಳ ಹಬ್ ಗೇರನ್ನು. ಇದರಲ್ಲಿ ಹಲ್ಲುಗಳೆಲ್ಲ ಚಕ್ರದ ಗುಂಬದೊಳಗೆ ಅಡಗಿರುವುದರಿಂದ ಮಳೆ, ಧೂಳು ತಾಗುವುದಿಲ್ಲ. ನೇರ ಗೇರನ್ನು ಬಿಟ್ಟು ಉಳಿದವುಗಳಲ್ಲಿ ಒಳಗಿನ ಘರ್ಷಣೆಯಿಂದ ಸ್ವಲ್ಪ ಶಕ್ತಿ ನಷ್ಟವಾಗುತ್ತದೆ, ನಿಜ. ಆದರೆ ಚಳಿಗಾಲದ ಕೆಸರಿನಲ್ಲೂ ಪ್ರತಿದಿನ ಸರಾಸರಿ 200 ಮೈಲಿಗೂ ಹೆಚ್ಚು ಸಾಗಬೇಕಾದವನಿಗೆ, ನಿಲ್ಲದೆ ನಡೆಯುವುದೇ ದೊಡ್ಡ ಲಾಭ.

ಪಂದ್ಯದ ಹಿಂದೆ ಬಿಡಿಭಾಗಗಳನ್ನು ತುಂಬಿದ ವಾಹನ ಬರುತ್ತಿದ್ದರೆ ಹಗುರವಾದುದನ್ನು ಆರಿಸಬಹುದು. ಒಂಟಿಯಾಗಿ ದೂರದ ನಾಡಿಗೆ ಹೊರಟವನು ಮಾತ್ರ, ಮುಂದಿನ ಕುಲುಮೆ ಎಷ್ಟು ದೂರವಿದೆಯೆಂದು ಮೊದಲು ಕೇಳಿಕೊಳ್ಳುವುದು ಲೇಸು.