ಮೃತ್ಯುಪತ್ರವೆಂಬ ಕೊನೆಯ ವಾತ್ಸಲ್ಯ

ಹಳೆಯ ಮೈಸೂರಿನವರು ‘ಉಯಿಲು’ ಎನ್ನುವುದನ್ನು ಕಾರವಾರ, ಅಂಕೋಲೆಯ ಹಿರಿಯರು ‘ಮೃತ್ಯುಪತ್ರ’ ಎನ್ನುತ್ತಾರೆ. 1862ರಲ್ಲಿ ಮುಂಬಯಿ ಪ್ರಾಂತ್ಯಕ್ಕೆ ಸೇರಿ, 1956ರವರೆಗೂ ಮುಂಬಯಿಯ ಆಡಳಿತದಲ್ಲಿದ್ದ ಈ ನಾಡು ಮರಾಠಿಗರೊಡನೆ ಹಂಚಿಕೊಂಡ ಶಬ್ದವಿದು. ಅದರಲ್ಲಿ ‘ಮೃತ್ಯು’ ಇರುವುದರಿಂದಲೋ ಏನೋ, ಹಾಸಿಗೆ ಹಿಡಿದ ತಂದೆಯೆದುರು ಮಕ್ಕಳು ಈ ಮಾತೆತ್ತಲು ಅಂಜುತ್ತಾರೆ. ಮಕ್ಕಳು ನೊಂದಾರೆಂದು ತಂದೆಯೂ ಸುಮ್ಮನಿರುತ್ತಾನೆ. ಆದರೆ ಆತ ಬರೆಯದೆ ಬಿಟ್ಟದ್ದನ್ನು ಕಾನೂನು ಬರೆಯುತ್ತದೆ.

ಕ್ರೈಸ್ತರ ಮಟ್ಟಿಗೆ ಆ ಕಾನೂನು ಹಳೆಯದು. 1865ರ ಭಾರತೀಯ ಉತ್ತರಾಧಿಕಾರ ಕಾಯಿದೆಯಲ್ಲಿಯೂ, ಅದರ ಸ್ಥಾನಕ್ಕೆ ಬಂದ 1925ರ ಕಾಯಿದೆಯಲ್ಲಿಯೂ ಮಗ, ಮಗಳು ಎಂಬ ಭೇದವಿಲ್ಲ. ಮೃತ್ಯುಪತ್ರವಿಲ್ಲದೆ ತಂದೆ ತೀರಿಕೊಂಡರೆ ವಿಧವೆಗೆ ಮೂರನೆಯ ಒಂದು ಭಾಗ. ಉಳಿದದ್ದು ಮಕ್ಕಳೆಲ್ಲರಿಗೂ ಸಮನಾಗಿ. ಹೀಗಿದ್ದೂ ‘ಮದುವೆಯಲ್ಲಿ ಚಿನ್ನ ಹಾಕಿದ್ದೇವಲ್ಲ’ ಎಂಬ ಮಾತಿನೊಡನೆ, ಸಮಾಧಿಯ ಮಣ್ಣು ಆರುವ ಮೊದಲೇ ಸಹೋದರಿಯ ಮುಂದೆ ಹಕ್ಕು ಬಿಡುಗಡೆ ಪತ್ರ ಬಂದು ಕೂರುವುದುಂಟು.

ಮಾಜಾಳಿಯ ಗಡಿ ದಾಟಿದರೆ ರೀತಿ ಬೇರೆ. ಪೋರ್ಚುಗೀಸರ ನಾಗರಿಕ ಸಂಹಿತೆಯ ಪರಂಪರೆಯಲ್ಲಿ ಬೆಳೆದ ಗೋವಾದ ಕಾನೂನಿನಂತೆ ಆಸ್ತಿಯ ಅರ್ಧಭಾಗ ಮಕ್ಕಳ ಕಡ್ಡಾಯ ಪಾಲು. ಅದನ್ನು ತಂದೆತಾಯಿ ಮನಬಂದಂತೆ ಬೇರೆಯವರಿಗೆ ಬರೆಯಲಾರರು. ಈಚೆಯ ನಮ್ಮಲ್ಲಿ ಕ್ರೈಸ್ತ ತಂದೆತಾಯಿ ತಮ್ಮ ಆಸ್ತಿಯೆಲ್ಲವನ್ನೂ ಇಷ್ಟಬಂದವರಿಗೆ ಬರೆಯಬಹುದು. ಇಷ್ಟು ಸ್ವಾತಂತ್ರ್ಯವಿರುವಲ್ಲಿ ಹೊಣೆಯೂ ಅಷ್ಟೇ ದೊಡ್ಡದು.

ಕಾಗದದಲ್ಲಿ ಯಾರ ಹೆಸರಿದೆ ಎಂಬುದರ ಬೆಲೆಯನ್ನು ಸೀಬರ್ಡ್ ನೌಕಾನೆಲೆ ನಮ್ಮ ಜನಕ್ಕೆ ಕಲಿಸಿತು. 1986ರಲ್ಲಿ ಶಂಕುಸ್ಥಾಪನೆಯಾದ ಆ ಯೋಜನೆಗಾಗಿ ಕಾರವಾರ, ಅಂಕೋಲಾ ತಾಲೂಕುಗಳ ಸಾವಿರಾರು ಕುಟುಂಬಗಳು ನೆಲ ಬಿಟ್ಟವು. 2005ರಲ್ಲಿ ಐಎನ್‌ಎಸ್ ಕದಂಬ ಕಾರ್ಯಾರಂಭ ಮಾಡಿದ ಮೇಲೂ ಪರಿಹಾರದ ವ್ಯಾಜ್ಯಗಳು ಮುಗಿಯಲಿಲ್ಲ. ಭೂಮಿ ಕಳೆದುಕೊಂಡ ಎಷ್ಟೋ ಹಿರಿಯರು ಅಷ್ಟರಲ್ಲಿ ಕಣ್ಮುಚ್ಚಿದರು. ಅಂದಿನ 1894ರ ಭೂಸ್ವಾಧೀನ ಕಾಯಿದೆಯಂತೆ, ಪಾಲಿನ ವಿಷಯದಲ್ಲಿ ತಕರಾರಿದ್ದರೆ ಪರಿಹಾರದ ಹಣ ನ್ಯಾಯಾಲಯಕ್ಕೆ ಹೋಗಬೇಕು. ಪಹಣಿಯಲ್ಲಿ ಎಂದೋ ಅಗಲಿದ ಅಜ್ಜನ ಹೆಸರೇ ಉಳಿದಿದ್ದರೆ ಮೊಮ್ಮಕ್ಕಳ ಪಾಡೇನು?

ಇನ್ನು ಧರ್ಮದಾನದ ಮಾತು. ಹತ್ತಿರದ ಬಂಧುಗಳಿರುವ ಕ್ರೈಸ್ತನು ಧಾರ್ಮಿಕ ಅಥವಾ ಧರ್ಮಾರ್ಥ ಕಾರ್ಯಕ್ಕೆ ಆಸ್ತಿ ಬರೆದು, ಹನ್ನೆರಡು ತಿಂಗಳೊಳಗೆ ಸತ್ತರೆ, ಆ ದಾನ ಅಸಿಂಧುವಾಗುತ್ತಿತ್ತು. ಕೇರಳದ ಧರ್ಮಗುರು ಜಾನ್ ವಲ್ಲಮಟ್ಟಂ ಅವರ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು 2003ರಲ್ಲಿ ಆ 118ನೆಯ ಕಲಮನ್ನು ರದ್ದುಪಡಿಸಿತು. ಕ್ರೈಸ್ತರಿಗಷ್ಟೇ ಇದ್ದ ಅನ್ಯಾಯ ತೊಲಗಿದ್ದು ಸಂತೋಷವೇ. ಆದರೂ ದೇವಾಲಯಕ್ಕೆ ಬರೆಯುವ ಮೊದಲು ವಿಧವೆಯ ಅನ್ನ, ಮಗಳ ಪಾಲು ಭದ್ರವಾಗಿವೆಯೇ ಎಂದು ನೋಡಬೇಕು. ಅವರ ಕಣ್ಣೀರು ಬೆರೆತ ಕಾಣಿಕೆ ದೇವರಿಗೆ ಪ್ರಿಯವಾಗಲಾರದು.

ಮಾಡಬೇಕಾದ ಕೆಲಸ ಹೆಚ್ಚಿಲ್ಲ. ಬುದ್ಧಿ ಸ್ವಸ್ಥವಾಗಿರುವಾಗಲೇ ಮೃತ್ಯುಪತ್ರ ಬರೆದು ಇಬ್ಬರು ಸಾಕ್ಷಿಗಳ ಸಹಿ ಪಡೆಯಬೇಕು. ಸಾಕ್ಷಿಗಾಗಲಿ, ಸಾಕ್ಷಿಯ ಪತಿ ಅಥವಾ ಪತ್ನಿಗಾಗಲಿ ಬರೆದ ಪಾಲು ಸಿಂಧುವಲ್ಲವಾದ್ದರಿಂದ ಪಾಲುದಾರರಲ್ಲದವರೇ ಸಾಕ್ಷಿಗಳಾಗಲಿ. ನೋಂದಣಿ ಕಡ್ಡಾಯವಲ್ಲ, ಆದರೆ ಒಳ್ಳೆಯದು. ಬ್ಯಾಂಕಿನ ನಾಮಿನಿ ಹಣ ಪಡೆಯಬಲ್ಲನೇ ಹೊರತು ಅದರ ಒಡೆಯನಲ್ಲವೆಂಬುದು ಮನೆಮಂದಿಗೆ ತಿಳಿದಿರಲಿ. ಅಜ್ಜನ ಹೆಸರಿನ ಜಮೀನಿಗೆ ತಂದೆಯಿರುವಾಗಲೇ ಪೌತಿ ಖಾತೆ ಆಗಲಿ. ಸಾಲವೆಷ್ಟು, ಯಾರಿಗೆ ಎಂಬುದೂ ಬರಹದಲ್ಲಿರಲಿ.

ಮರಣ ಸಮೀಪಿಸಿತೆಂದು ಅರಸ ಹಿಜ್ಕೀಯನಿಗೆ ತಿಳಿಸಿದ ಪ್ರವಾದಿ ಯೆಶಾಯನು ಮೊದಲು ಮನೆಯ ವ್ಯವಸ್ಥೆ ಮಾಡಿಕೊಳ್ಳಲು ಹೇಳಿದನು. ರೋಗಿಗಳ ಅಭ್ಯಂಗಕ್ಕೆ ಗುರುಗಳನ್ನು ಕರೆಯಲು ಅಂಜುವವರಂತೆ ಮೃತ್ಯುಪತ್ರಕ್ಕೂ ಅಂಜುವವರು ನಮ್ಮಲ್ಲಿದ್ದಾರೆ. ಎರಡರಿಂದಲೂ ಸಾವು ಬೇಗ ಬರುವುದಿಲ್ಲ. ಒಂದು ಹೋಗುವವರಿಗೆ ಶಾಂತಿ ತರುತ್ತದೆ, ಇನ್ನೊಂದು ಉಳಿಯುವವರಿಗೆ.