ಹಡಗಲಿಯ ಹಡಗು

ಹೂವಿನಹಡಗಲಿಗೆ ಆ ಹೆಸರು ಬಂದ ಬಗೆಯನ್ನು ಕುರಿತು ನಮ್ಮ ಕಡೆ ಒಂದು ಮಾತು ಬಳಕೆಯಲ್ಲಿದೆ. ವಿಜಯನಗರದ ಅರಸರ ಕಾಲದಲ್ಲಿ ಇಲ್ಲಿ ಬೆಳೆದ ಹೂವನ್ನು ಹಡಗುಗಳಲ್ಲಿ ತುಂಬಿ ತುಂಗಭದ್ರೆಯ ಮೇಲೆ ಹಂಪೆಗೆ ಸಾಗಿಸುತ್ತಿದ್ದರಂತೆ. ಅದರಿಂದ ಹೂವಿನ ಹಡಗಲಿ. ಮೂವತ್ತು ವರ್ಷ ಇತಿಹಾಸದ ಮೇಷ್ಟರಾಗಿ ಸಂಬಳ ಪಡೆದ ನಾನು ಈ ಮಾತಿಗೆ ಶಾಸನದ ಆಧಾರವನ್ನು ಕೇಳಬೇಕಾದವನು. ಕೇಳುವುದಿಲ್ಲ. ಮಲ್ಲಿಗೆಯ ಊರಿಗೆ ಅಷ್ಟು ಕತೆಯಾದರೂ ಬೇಡವೆ?

ಆ ಊರಿನ ಮಗ್ಗುಲ ಹಳ್ಳಿಯಲ್ಲಿ ಮಲ್ಲಿಗೆ ತೋಟ ಮಾಡಿಕೊಂಡಿರುವ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಕಳೆದ ತಿಂಗಳು ಮಗಳನ್ನು ಕರೆದುಕೊಂಡು ಕೊಟ್ಟೂರಿನ ನಮ್ಮ ಮನೆಗೆ ಬಂದ. ಹುಡುಗಿ ಇಂಜಿನಿಯರಿಂಗ್ ಮುಗಿಸಿದ್ದಾಳೆ. ಜರ್ಮನಿಯ ಒಂದು ವಿಶ್ವವಿದ್ಯಾನಿಲಯದಲ್ಲಿ ಮೇಲಿನ ಪದವಿಗೆ ಸ್ಥಳ ದೊರೆತಿದೆ. ಅಲ್ಲಿ ಬೋಧನ ಶುಲ್ಕವೆಂಬುದು ಇಲ್ಲವೆನ್ನುವಷ್ಟು ಕಡಿಮೆ. ಆದರೆ ಒಂದು ವರ್ಷದ ಊಟ ವಸತಿಯ ಹಣವನ್ನು ಮೊದಲೇ ಒಂದು ಖಾತೆಯಲ್ಲಿಟ್ಟು ತೋರಿಸದೆ ವೀಸಾ ಸಿಕ್ಕುವುದಿಲ್ಲ. ಅದು ಹನ್ನೊಂದು ಸಾವಿರ ಯೂರೋಗಳಿಗೆ ಮೇಲ್ಪಟ್ಟ ಮೊತ್ತ, ನಮ್ಮ ಲೆಕ್ಕದಲ್ಲಿ ಹತ್ತು ಲಕ್ಷ ರೂಪಾಯಿ ದಾಟುತ್ತದೆ. ಅಷ್ಟು ಸಾಲಕ್ಕೆ ಆಧಾರ ಬೇಕು.

“ಹೊಲ ಐದೆಕರೆ ಐತೆ ಸಾರ್, ಪಹಣಿ ನನ್ನ ಹೆಸರ್ಲೇ ಐತೆ. ಬ್ಯಾಂಕಿನೋರು ಹೊಲ ಬ್ಯಾಡ, ಊರಾಗಿನ ಮನಿ ಕಾಗ್ದ ತಗಂಬಾ ಅಂತಾರೆ. ನಮ್ಮನಿ ಗ್ರಾಮಠಾಣದಾಗೆ ಐತೆ. ಅದಕ್ಕ ಕಾಗ್ದ ಯಾರು ಬರದಾರ?” ಎಂದ ತಂದೆ. ಹುಡುಗಿ ನೆಲ ನೋಡುತ್ತ ಕುಳಿತಿದ್ದಳು. ನಾನು ಇತಿಹಾಸದವನಾದ್ದರಿಂದ, ಉತ್ತರ ಹೇಳಬೇಕಾದ ಹೊತ್ತಿನಲ್ಲಿ ಹಿಂದಿನದನ್ನು ನೆನೆಯತೊಡಗಿದೆ. ಇದು ನಮ್ಮ ವೃತ್ತಿಯ ದೋಷ.

ನಮ್ಮಲ್ಲಿ ಸೀಮೆಗೆ ಹೋಗಿ ಓದಿ ಬಂದವರ ಚರಿತ್ರೆಯನ್ನು ಬರೆಯುವವರು ಅವರ ಬುದ್ಧಿಯನ್ನು ಕೊಂಡಾಡುತ್ತಾರೆ. ಕೊಂಡಾಡಲಿ. ಆದರೆ ಹಡಗಿನ ಟಿಕೀಟು ಯಾರ ಚೀಲದಿಂದ ಬಂತು, ಆ ಚೀಲದ ಬಾಯಿ ಯಾರಿಗೆ ತೆರೆಯುತ್ತಿತ್ತು ಎಂಬುದನ್ನು ಕೇಳಿದರೆ ಬೇರೊಂದು ಚರಿತ್ರೆ ಹೊರಡುತ್ತದೆ. ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ಎಂಬ ನಮ್ಮ ಈ ಐದು ಊರುಗಳಿಗೆ ಅದು ಮುಖ್ಯವಾದ ಚರಿತ್ರೆ.

ಇಂದು ಇವೆಲ್ಲ 2021ರಲ್ಲಿ ಹುಟ್ಟಿದ ವಿಜಯನಗರ ಜಿಲ್ಲೆಯ ತಾಲ್ಲೂಕುಗಳು. ಅದಕ್ಕೆ ಮೊದಲು ಬಳ್ಳಾರಿಯವು. ಇನ್ನೂ ಹಿಂದಕ್ಕೆ ಹೋದರೆ, 1800ರಲ್ಲಿ ನಿಜಾಮನು ಕಂಪನಿ ಸರ್ಕಾರಕ್ಕೆ ಬಿಟ್ಟುಕೊಟ್ಟ ಸೀಮೆಯ ಪಡುವಣ ಅಂಚು. 1953ರ ಅಕ್ಟೋಬರ್ 1ರಂದು ಮೈಸೂರಿಗೆ ಸೇರುವವರೆಗೆ ಮದರಾಸಿನ ಆಡಳಿತ. ಹೊಳೆಯ ಆಚೆ ದಡ ಒಂದು ಕಡೆ ಮುಂಬಯಿ ಪ್ರಾಂತದ ಧಾರವಾಡ ಜಿಲ್ಲೆ, ಇನ್ನೊಂದು ಕಡೆ ನಿಜಾಮನ ಕೊಪ್ಪಳ. ತೆಂಕಣಕ್ಕೆ ಮೈಸೂರಿನ ಹರಿಹರ, ದಾವಣಗೆರೆ. ಹರಪನಹಳ್ಳಿಯಿಂದ ಬಂಡಿ ಕಟ್ಟಿದವನು ಒಂದೆರಡು ದಿನಗಳಲ್ಲಿ ಯಾವ ಸರ್ಕಾರವನ್ನು ಬೇಕಾದರೂ ಮುಟ್ಟಬಹುದಾಗಿತ್ತು. ಎಲ್ಲ ಕಡೆಯೂ ಕನ್ನಡವೇ. ಆದರೆ ವಿದ್ಯಾರ್ಥಿ ವೇತನದ ಅರ್ಜಿಯಲ್ಲಿ ಭಾಷೆಯನ್ನು ಕೇಳುವುದಿಲ್ಲ. ಯಾರ ಪ್ರಜೆ ಎಂದು ಕೇಳುತ್ತಾರೆ.

ಈ ಗೆರೆಯ ಮಹಿಮೆಯನ್ನು ತಿಳಿಯಲು ಡಾಕ್ಟರ್ ಪಲ್ಪು ಅವರನ್ನು ನೆನೆಯಬೇಕು. ತಿರುವಾಂಕೂರಿನ ಈಳವ ಮನೆತನದಲ್ಲಿ ಹುಟ್ಟಿ ವೈದ್ಯ ವಿದ್ಯೆ ಕಲಿತ ಇವರಿಗೆ ಜಾತಿಯ ಕಾರಣದಿಂದ ಸ್ವಂತ ಸಂಸ್ಥಾನದಲ್ಲಿ ಕೆಲಸ ಸಿಕ್ಕಲಿಲ್ಲ. ಮೈಸೂರು ಅವರಿಗೆ ಕೆಲಸವನ್ನು ಕೊಟ್ಟಿತು. ಅಷ್ಟೇ ಅಲ್ಲ, 19ನೆಯ ಶತಮಾನದ ಕೊನೆಯಲ್ಲಿ ಹೆಚ್ಚಿನ ವ್ಯಾಸಂಗಕ್ಕೆ ಇಂಗ್ಲೆಂಡಿಗೂ ಕಳುಹಿಸಿತು. ಬೆಂಗಳೂರಿನ ಪ್ಲೇಗಿನ ಕಾಲದಲ್ಲಿ ಜನರ ಪ್ರಾಣ ಉಳಿಸಲು ಹೆಣಗಿದವರಲ್ಲಿ ಅವರೊಬ್ಬರು. ಒಂದು ಸಂಸ್ಥಾನ ಮುಚ್ಚಿದ ಬಾಗಿಲನ್ನು ಇನ್ನೊಂದು ಸಂಸ್ಥಾನ ತೆರೆಯಿತು, ನಿಜ. ಆದರೆ ತೆರೆದ ಬಾಗಿಲಿನ ಎದುರಿಗೆ ಬಂದು ನಿಲ್ಲುವ ಯೋಗವೂ ಬೇಕಲ್ಲ.

ಮುಂಬಯಿ ಕರ್ನಾಟಕದಲ್ಲಿ ಅಂಥ ಬಾಗಿಲನ್ನು ತೆರೆದವರು ಸಿರಸಂಗಿಯ ಲಿಂಗರಾಜ ದೇಸಾಯರು. 1906ರಲ್ಲಿ ತೀರಿಕೊಂಡ ಈ ಮಕ್ಕಳಿಲ್ಲದ ದೇಸಾಯರು ತಮ್ಮ ಸಂಸ್ಥಾನದ ಆಸ್ತಿಯನ್ನು ಸಮಾಜದ ಮಕ್ಕಳ ವಿದ್ಯೆಗೆಂದು ಬರೆದಿಟ್ಟರು. ಬೆಳಗಾವಿಯ ಲಿಂಗರಾಜ ಕಾಲೇಜಿಗೆ ಅವರದೇ ಹೆಸರು. ಈ ಕಾಲೇಜನ್ನು ಓದುಗರು ನೆನಪಿನಲ್ಲಿ ಇಟ್ಟುಕೊಂಡಿರಬೇಕು.

ಕೊಡುಗೆಗೆ ಕರಾರೂ ಇರುತ್ತದೆ. ಬರೋಡದ ಮಹಾರಾಜರು ತಿಂಗಳಿಗೆ ಹನ್ನೊಂದೂವರೆ ಪೌಂಡಿನ ವೇತನ ಕೊಟ್ಟು 1913ರಲ್ಲಿ ಅಂಬೇಡ್ಕರರನ್ನು ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾನಿಲಯಕ್ಕೆ ಕಳುಹಿಸಿದರು. ಹಿಂದಿರುಗಿ ಹತ್ತು ವರ್ಷ ಬರೋಡದ ಸೇವೆ ಮಾಡಬೇಕೆಂಬುದು ಒಪ್ಪಂದ. ಅಲ್ಲಿಂದ ಲಂಡನ್ನಿಗೆ ಬಂದು ಓದುತ್ತಿದ್ದಾಗ ವೇತನದ ಅವಧಿ ಮುಗಿದು, ಕೆಲಸವನ್ನು ಅರ್ಧದಲ್ಲಿ ಬಿಟ್ಟು 1917ರಲ್ಲಿ ಮರಳಬೇಕಾಯಿತು. ಬೇರೆ ಹಡಗಿನಲ್ಲಿ ಬರುತ್ತಿದ್ದ ಅವರ ಪುಸ್ತಕಗಳು ಯುದ್ಧದಲ್ಲಿ ಹಡಗಿನೊಡನೆ ಸಮುದ್ರದ ಪಾಲಾದವು. ಕರಾರಿನಂತೆ ಬರೋಡಕ್ಕೆ ಹೋದರೆ, ಕೊಲಂಬಿಯಾದಲ್ಲಿ ಓದಿ ಬಂದ ಮನುಷ್ಯನಿಗೆ ತಂಗಲು ಒಂದು ಕೋಣೆ ಸಿಕ್ಕಲಿಲ್ಲ. ಅರ್ಧ ಉಳಿದ ಓದನ್ನು ಮುಗಿಸಲು 1920ರಲ್ಲಿ ಅವರು ಮತ್ತೆ ಲಂಡನ್ನಿಗೆ ಹೊರಟಾಗ ನೆರವಾದದ್ದು ಸ್ವಂತ ಉಳಿತಾಯ, ಮಿತ್ರರ ಸಾಲ, ಕೊಲ್ಹಾಪುರದ ಶಾಹು ಮಹಾರಾಜರ ಸಹಾಯ. ವಿದೇಶದಲ್ಲಿ ಅವರು ಪಟ್ಟ ಕಷ್ಟಕ್ಕಿಂತ ಮರಳಿ ಬಂದ ಮೇಲಿನ ಈ ಕೋಣೆಯ ಕತೆಯೇ ನನ್ನನ್ನು ಹೆಚ್ಚು ಕಾಡುತ್ತದೆ.

ಇತ್ತ ನಮ್ಮ ತಾಲ್ಲೂಕುಗಳಲ್ಲಿ ಏನು ನಡೆದಿತ್ತು? ಬಳ್ಳಾರಿಯಲ್ಲಿ 1916ರಲ್ಲಿ ವೀರಶೈವ ವಿದ್ಯಾವರ್ಧಕ ಸಂಘ ಹುಟ್ಟಿತು. ಅದರ ವೀರಶೈವ ಕಾಲೇಜು ಬರಲು 1945 ಆಗಬೇಕಾಯಿತು. ಅನಂತಪುರದಲ್ಲಿ 1916ರಿಂದ ಸರ್ಕಾರಿ ಕಾಲೇಜು ಇತ್ತು. ಅಲ್ಲಿಯ ಬೀದಿಯ ಮಾತು ತೆಲುಗು. ಮನೆಯಲ್ಲಿ ಕನ್ನಡ, ಊಟದ ಮನೆಯಲ್ಲಿ ತೆಲುಗು, ತರಗತಿಯಲ್ಲಿ ಇಂಗ್ಲಿಷು: ನಮ್ಮ ಹುಡುಗನಿಗೆ ಬಿ.ಎ.ಯೇ ವಿದೇಶ ವ್ಯಾಸಂಗವಾಗಿತ್ತು ಎಂದರೆ ಹೆಚ್ಚಿನ ಮಾತಲ್ಲ. ಹರಪನಹಳ್ಳಿಯಲ್ಲಿ 1913ರಲ್ಲಿ ಹುಟ್ಟಿದ ಬೀಚಿಯವರು ಪೊಲೀಸು ಇಲಾಖೆಯ ನೌಕರಿ ಹಿಡಿದರು. ಯಾರಾದರೂ ಅವರನ್ನು ಆಕ್ಸ್‌ಫರ್ಡಿಗೆ ಕಳುಹಿಸಿದ್ದರೆ ತಿಂಮ ಹುಟ್ಟುತ್ತಿದ್ದನೋ ಇಲ್ಲವೋ! ಈ ಒಂದು ವಿಷಯದಲ್ಲಿ ಮಾತ್ರ ಬಡತನಕ್ಕೆ ಕೃತಜ್ಞತೆ ಹೇಳಬೇಕು.

ದೇಶ ಸ್ವತಂತ್ರವಾಗುವ ಹೊತ್ತಿಗೆ ಚೀಲ ದೊಡ್ಡದಾಯಿತು. ಬೆಂಗಳೂರಿನ ರಾಜೇಶ್ವರಿ ಚಟರ್ಜಿಯವರಿಗೆ 1946ರಲ್ಲಿ ಭಾರತ ಸರ್ಕಾರದ ವೇತನ ದೊರೆಯಿತು. ಮಾರನೆಯ ವರ್ಷ, ಯುದ್ಧಕಾಲದಲ್ಲಿ ಸೈನಿಕರನ್ನು ಸಾಗಿಸುತ್ತಿದ್ದ ‘ಮರೀನ್ ಆ್ಯಡರ್’ ಎಂಬ ಹಡಗಿನಲ್ಲಿ ಸುಮಾರು ಒಂದು ತಿಂಗಳು ಪಯಣಿಸಿ ಅವರು ಅಮೆರಿಕೆಯನ್ನು ಮುಟ್ಟಿದರು. ಮಿಷಿಗನ್ನಿನಲ್ಲಿ ವಿದ್ಯುತ್ ಇಂಜಿನಿಯರಿಂಗಿನ ಪದವಿ, ವಾಷಿಂಗ್ಟನ್ನಿನಲ್ಲಿ ಎಂಟು ತಿಂಗಳ ಕೆಲಸ. ಮುಂದೆ ಏಷ್ಯದ ಹೆಂಗಸರಿಗಾಗಿ ಆ ವಿಶ್ವವಿದ್ಯಾನಿಲಯದಲ್ಲಿದ್ದ ಬಾರ್ಬರ್ ವೇತನ ಪಡೆದು ಡಾಕ್ಟರೇಟು. 1953ರಲ್ಲಿ ಹಿಂದಿರುಗಿ ಟಾಟಾ ಇನ್ಸ್ಟಿಟ್ಯೂಟಿನಲ್ಲಿ ಅಧ್ಯಾಪಕಿಯಾದರು. ಅದೇ ವರ್ಷ ನಮ್ಮ ಕಡೆಯ ಜನ ತಾವು ಆಂಧ್ರಕ್ಕೊ ಮೈಸೂರಿಗೊ ಎಂದು ಚರ್ಚಿಸುತ್ತಿದ್ದರು.

ಈಗ ಲಿಂಗರಾಜ ಕಾಲೇಜಿಗೆ ಬರೋಣ. 1950ರ ದಶಕದಲ್ಲಿ ಅಲ್ಲಿ ಇಂಗ್ಲಿಷು ಹೇಳುತ್ತ, ಬಿಡುವಿನಲ್ಲಿ ಜನಪದ ಕತೆಗಳನ್ನು ಕೇಳಿ ಬರೆದುಕೊಳ್ಳುತ್ತಿದ್ದ ಮೈಸೂರಿನ ತರುಣ ಎ. ಕೆ. ರಾಮಾನುಜನ್, 1959ರಲ್ಲಿ ಫುಲ್‌ಬ್ರೈಟ್ ವೇತನದ ಮೇಲೆ ಅಮೆರಿಕೆಯ ಇಂಡಿಯಾನಾ ವಿಶ್ವವಿದ್ಯಾನಿಲಯಕ್ಕೆ ಹೋದರು. ಅಷ್ಟು ದೂರ ಹೋಗಿ ಅವರು ಡಾಕ್ಟರೇಟಿಗೆ ಆರಿಸಿಕೊಂಡ ವಿಷಯ ಕನ್ನಡದ ವ್ಯಾಕರಣ! 1973ರಲ್ಲಿ ಅವರ ‘ಸ್ಪೀಕಿಂಗ್ ಆಫ್ ಶಿವ’ ಪ್ರಕಟವಾಯಿತು. ಕೊಟ್ಟೂರಿನ ಮಠದ ಜಗಲಿಯಲ್ಲಿ ಬೆಳಗಿನ ಹೊತ್ತು ಅರ್ಧ ನಿದ್ದೆಯಲ್ಲಿ ಕೇಳಿ ಬೆಳೆದ ವಚನಗಳನ್ನು ನಾನು ಮೊದಲ ಬಾರಿ ಎಚ್ಚರದಿಂದ ಓದಿದ್ದು ಆ ಇಂಗ್ಲಿಷ್ ಪುಸ್ತಕದಲ್ಲಿ. ಹೇಳಿಕೊಳ್ಳಲು ನಾಚಿಕೆ, ಆದರೂ ನಿಜ.

ಅನಂತಮೂರ್ತಿಯವರ ಪ್ರಸಂಗ ಹೆಚ್ಚು ಪ್ರಸಿದ್ಧ. ಕಾಮನ್‌ವೆಲ್ತ್ ವೇತನದ ಮೇಲೆ ಬರ್ಮಿಂಗ್‌ಹ್ಯಾಮಿಗೆ ಹೋದ ಅವರು ಇಂಗ್ಲಿಷ್ ಕಾದಂಬರಿಗಳ ಮೇಲೆ ಪ್ರಬಂಧ ಬರೆಯಬೇಕಾಗಿತ್ತು. ಮ್ಯಾಲ್ಕಂ ಬ್ರಾಡ್‌ಬರಿಯವರ ಜೊತೆ ಬರ್ಗ್‌ಮನ್ನನ ‘ಸೆವೆಂತ್ ಸೀಲ್’ ಚಿತ್ರವನ್ನು ನೋಡಿ ಹೊರಬಂದಾಗ ಮಾತು ಬಂತು: ಯುರೋಪಿನವನು ಓದಿ ಕಲ್ಪಿಸಿಕೊಳ್ಳಬೇಕಾದ ಮಧ್ಯಯುಗ ಭಾರತೀಯನ ಮನೆಯಲ್ಲಿ ಇಂದಿಗೂ ಜೀವಂತವಾಗಿದೆ. ಹಾಗಾದರೆ ಅದನ್ನೇ ಬರೆಯಿರಿ ಎಂದರು ಬ್ರಾಡ್‌ಬರಿ. 1965ರಲ್ಲಿ ‘ಸಂಸ್ಕಾರ’ ಬಂತು. ಪ್ರಬಂಧವೂ 1966ರಲ್ಲಿ ಮುಗಿಯಿತು. ಬರ್ಮಿಂಗ್‌ಹ್ಯಾಮಿನ ಚಳಿಯಲ್ಲಿ ಕುಳಿತವನ ಕಣ್ಣಿಗೆ ತೀರ್ಥಹಳ್ಳಿಯ ಕಡೆಯ ಅಗ್ರಹಾರ ಅಷ್ಟು ನಿಚ್ಚಳವಾಗಿ ಕಂಡದ್ದು ಹೇಗೆ ಎಂಬುದನ್ನು ದೂರ ಹೋಗಿ ಬಂದವರೇ ಹೇಳಬೇಕು.

ನಾನು ಹೋಗಲಿಲ್ಲ. 1974ರಲ್ಲಿ ಲಂಡನ್ನಿನಿಂದ ನನಗೂ ಒಂದು ಪ್ರವೇಶದ ಕಾಗದ ಬಂದಿತ್ತು. 1966ರ ಜೂನಿನಲ್ಲಿ ರೂಪಾಯಿಯ ಬೆಲೆ ಇಳಿದು, ನಾಲ್ಕು ರೂಪಾಯಿ ಎಪ್ಪತ್ತಾರು ಪೈಸೆಗೆ ಸಿಗುತ್ತಿದ್ದ ಡಾಲರಿಗೆ ಏಳೂವರೆ ಆಗಿತ್ತು. ವಿದೇಶಿ ಹಣವನ್ನು ಸರ್ಕಾರ ಎಣಿಸಿ ಎಣಿಸಿ ಕೊಡುತ್ತಿದ್ದ ಕಾಲ. ಒಂದು ಧರ್ಮನಿಧಿಗೆ ಅರ್ಜಿ ಹಾಕಿದೆ. ‘ತಮ್ಮ ಜಿಲ್ಲೆಯು ನಮ್ಮ ನಿಯಮಗಳ ವ್ಯಾಪ್ತಿಗೆ ಬರುವುದಿಲ್ಲ’ ಎಂದು ಎರಡು ಸಾಲಿನ ಉತ್ತರ ಬಂತು. ಕರ್ನಾಟಕ ಒಂದಾಗಿ ಆಗಲೇ ಹದಿನೆಂಟು ವರ್ಷವಾಗಿತ್ತು! ನಮ್ಮಪ್ಪ ಹೊಲ ಮಾರುತ್ತೇನೆಂದರು, ಅವ್ವ ಮಾತನಾಡಲಿಲ್ಲ, ನಾನು ಕಾಗದವನ್ನು ಮಡಿಸಿ ಇಟ್ಟೆ. ಆ ಮೇಲೆ ಮೂವತ್ತು ವರ್ಷ ತರಗತಿಯಲ್ಲಿ ಗಡಿಗಳ ಇತಿಹಾಸವನ್ನು ನಾನು ಸ್ವಲ್ಪ ಬಿಸಿಯಾಗಿಯೇ ಹೇಳುತ್ತಿದ್ದೆ ಎಂದು ವಿದ್ಯಾರ್ಥಿಗಳು ಹೇಳುತ್ತಾರೆ.

ಗೆರೆಗಳ ಆಟ ಅಲ್ಲಿಗೂ ಮುಗಿಯಲಿಲ್ಲ. 1997ರಲ್ಲಿ ಹರಪನಹಳ್ಳಿಯನ್ನು ಹೊಸ ದಾವಣಗೆರೆ ಜಿಲ್ಲೆಗೆ ಸೇರಿಸಿದರು. 2013ರಲ್ಲಿ 371 ಜೆ ವಿಧಿಯ ಮೀಸಲು ಸೌಲಭ್ಯ ಬಳ್ಳಾರಿ ಜಿಲ್ಲೆಗೆ ದೊರೆತಾಗ, ಪಕ್ಕದ ಹಡಗಲಿಯ ಹುಡುಗನಿಗೆ ಸಿಕ್ಕದ್ದು ಹರಪನಹಳ್ಳಿಯ ಹುಡುಗನಿಗೆ ಸಿಕ್ಕಲಿಲ್ಲ. 2018ರಲ್ಲಿ ತಾಲ್ಲೂಕು ಬಳ್ಳಾರಿಗೆ ಮರಳಿದ ಮೇಲೆ ಸಿಕ್ಕಿತು. ಪರಿಶಿಷ್ಟರಿಗೆ ಕೇಂದ್ರ ಸರ್ಕಾರದ ವಿದೇಶ ವ್ಯಾಸಂಗ ವೇತನ 1954-55ರಿಂದಲೇ ಇದೆ. ಈಚೆಗೆ ರಾಜ್ಯ ಸರ್ಕಾರವೂ ‘ಪ್ರಬುದ್ಧ’ ಎಂಬ ಯೋಜನೆ ತಂದಿತು. ಕೂಡ್ಲಿಗಿಯ ಬೇಡರ ಹಟ್ಟಿಯ, ಹಗರಿಬೊಮ್ಮನಹಳ್ಳಿಯ ಕೇರಿಯ ಮಕ್ಕಳಿಗೆ ಇವುಗಳ ಹೆಸರನ್ನಾದರೂ ಹೇಳುವ ಕೆಲಸ ಮೇಷ್ಟರುಗಳದು. ನಾನು ನೌಕರಿಯಲ್ಲಿದ್ದಾಗ ಕೇಂದ್ರದ ವೇತನದ ಸುದ್ದಿಯನ್ನು ಎಷ್ಟು ಮಕ್ಕಳಿಗೆ ಹೇಳಿದೆ? ಬೆರಳಲ್ಲಿ ಎಣಿಸಬಹುದು.

“ಅಲ್ಲೀ ಚಳಿ ತಡಿತೀಯೇನಮ್ಮ?” ಎಂದು ಕೊನೆಗೆ ಹುಡುಗಿಯನ್ನು ಕೇಳಿದೆ. ಬೇರೇನು ಕೇಳಬೇಕೋ ತೋಚಲಿಲ್ಲ.

“ತಡಿತೀನಿ ಅಜ್ಜ. ಹೂವು ಬಿಡ್ಸಾಕ ಬೆಳಗಿನ ಜಾವ ಏಳೋರು ನಾವು” ಎಂದಳು.

ಅವರು ಹೋದ ಮೇಲೆ ನನ್ನ ಹೆಂಡತಿಗೆ, ಈ ಮನೆಯ ಕಾಗದಗಳು ಟ್ರಂಕಿನಲ್ಲಿ ಸುಮ್ಮನೆ ಬಿದ್ದಿವೆಯಲ್ಲ ಎಂದೆ. ಆಕೆ ಬಹಳ ಹೊತ್ತು ಅಕ್ಕಿ ಆರಿಸಿದಳು. “ಹುಡುಗಿ ತಿರುಗಿ ಬರ್ತಾಳ?” ಎಂದಳು. ಗೊತ್ತಿಲ್ಲ ಎಂದೆ. “ನಿಮ್ಮ ಲಂಡನ್ನಿನ ಕಾಗದಾನೂ ಅದೇ ಟ್ರಂಕಿನಾಗ ಐತೆ. ತೆಗೀವಾಗ ಹರಿದೀರಿ, ಜ್ವಾಕಿ” ಎಂದು ಕೀಲಿಕೈ ತಂದು ನನ್ನ ಮುಂದೆ ಇಟ್ಟಳು.