ತವರುಮನೆಯ ಆರ್ಗನ್

ಅಮೆರಿಕದ ಜಾರ್ಜಿಯಾ ರಾಜ್ಯದ ಆಟ್ಲಾಂಟಾದಲ್ಲಿ, ಆಬರ್ನ್ ಅವೆನ್ಯೂ ಎಂಬ ರಸ್ತೆಯಲ್ಲಿ, 501ನೇ ನಂಬರಿನ ಒಂದು ಎರಡಂತಸ್ತಿನ ಮನೆಯಿದೆ. ಮಾರ್ಟಿನ್ ಲೂಥರ್ ಕಿಂಗ್ ಹುಟ್ಟಿದ ಮನೆ ಎಂದು ಜಗತ್ತಿಗೆಲ್ಲ ಅದರ ಪರಿಚಯ. ಆದರೆ ಕಿಂಗ್ ಮನೆತನದವರು ಕಟ್ಟಿಸಿದ್ದೂ ಅಲ್ಲ, ಕೊಂಡದ್ದೂ ಅಲ್ಲ. 1909ರಲ್ಲಿ ಆ ಮನೆ ಕೊಂಡವರು ಮಾರ್ಟಿನ್ನರ ತಾಯಿಯ ತಂದೆ, ಪಾಸ್ಟರ್ ಎ. ಡಿ. ವಿಲಿಯಮ್ಸ್. ನಮ್ಮ ಮಾತಿನಲ್ಲಿ ಹೇಳುವುದಾದರೆ ಅದು ಆಲ್ಬರ್ಟಾ ವಿಲಿಯಮ್ಸ್ ಎಂಬ ಹೆಣ್ಣುಮಗಳ ತವರುಮನೆ. ಆಕೆಯ ಗಂಡ ಮನೆಅಳಿಯ.

ಇದನ್ನು ತಮಾಷೆಗೆ ಹೇಳುತ್ತಿಲ್ಲ. ಕಿಂಗ್ ಕುಟುಂಬದ ಕತೆಯನ್ನು ಈ ತುದಿಯಿಂದ ಓದತೊಡಗಿದರೆ ಬೇರೆಯೇ ಒಂದು ಚಿತ್ರ ಕಾಣುತ್ತದೆ. ವಿಲಿಯಮ್ಸ್ 1894ರಲ್ಲಿ ಎಬೆನೀಜರ್ ಬ್ಯಾಪ್ಟಿಸ್ಟ್ ಚರ್ಚಿನ ಪಾಸ್ಟರ್ ಆದಾಗ ಅದೊಂದು ಪುಟ್ಟ ಸಭೆ. ಅದನ್ನು ಬೆಳೆಸಿದವರು ಅವರು. ಆಲ್ಬರ್ಟಾ ಅವರ ಬದುಕುಳಿದ ಒಬ್ಬಳೇ ಮಗಳು. ಸ್ಪೆಲ್ಮನ್ ಸೆಮಿನರಿಯಲ್ಲಿ ಹೈಸ್ಕೂಲು, ವರ್ಜೀನಿಯಾದ ಹ್ಯಾಂಪ್ಟನ್‌ನಲ್ಲಿ ಶಿಕ್ಷಕಿಯ ತರಬೇತಿ, ಜೊತೆಗೆ ಪಿಯಾನೋ: ಆ ಕಾಲದ ಕಪ್ಪು ಜನರಲ್ಲಿ ಅನುಕೂಲಸ್ಥರ ಮಗಳಿಗೆ ಸಿಗಬಹುದಾಗಿದ್ದ ಎಲ್ಲವೂ ಆಕೆಗೆ ಸಿಕ್ಕಿತು. ಮದುವೆಯಾಗಲು ಬಂದ ಹುಡುಗನಾದರೋ ಸ್ಟಾಕ್‌ಬ್ರಿಜ್ ಎಂಬ ಹಳ್ಳಿಯ ಕೋರುಪಾಲು ರೈತನ ಮಗ. ಇಪ್ಪತ್ತು ದಾಟಿದ ಮೇಲೂ ಚಿಕ್ಕ ಮಕ್ಕಳ ಜೊತೆ ಕೂತು ಪಾಠ ಕಲಿಯಬೇಕಾಗಿದ್ದವನು. 1926ರ ನವೆಂಬರ್ 25ರಂದು ಎಬೆನೀಜರ್‌ನಲ್ಲೇ ಮದುವೆ. ಹೊಸ ಜೋಡಿ ಆಬರ್ನ್ ರಸ್ತೆಯ ಮನೆಯ ಮಹಡಿ ಮೇಲೆ ಸಂಸಾರ ಹೂಡಿತು. ಮದುವೆಯಾದ ಹೆಂಗಸರು ಪಾಠ ಹೇಳುವಂತಿಲ್ಲ ಎಂಬುದು ಅಲ್ಲಿನ ಶಾಲಾ ಮಂಡಳಿಯ ನಿಯಮ. ಹಾಗಾಗಿ ಆಲ್ಬರ್ಟಾಳ ಮೇಷ್ಟ್ರಗಿರಿ ಅಲ್ಲಿಗೆ ಮುಗಿಯಿತು. 1931ರಲ್ಲಿ ಮಾವ ತೀರಿಕೊಂಡ ಮೇಲೆ ಅಳಿಯ ಪಾಸ್ಟರ್ ಆದರು. ಮಗಳು ಆರ್ಗನ್ ಮುಂದೆ ಕೂತಳು.

ಬ್ಯಾಪ್ಟಿಸ್ಟರ ಬಗ್ಗೆ ಎರಡು ಮಾತು. ನಮ್ಮ ಕಡೆಯ ಓದುಗರಿಗೆ ಬಾಸೆಲ್ ಮಿಶನ್ ಗೊತ್ತು, ಕಿಟೆಲ್ ಗೊತ್ತು. ಬ್ಯಾಪ್ಟಿಸ್ಟರ ಪರಿಚಯ ಕಡಿಮೆ. ಕಿಟೆಲ್‌ಗಿಂತ ಎಷ್ಟೋ ಮೊದಲು, 1817ರಲ್ಲಿ, ಸೆರಾಂಪುರದಿಂದ ಕನ್ನಡ ವ್ಯಾಕರಣವೊಂದನ್ನು ಪ್ರಕಟಿಸಿದ ವಿಲಿಯಂ ಕೇರಿ ಬ್ಯಾಪ್ಟಿಸ್ಟ್. ತಿಳಿದು ನಂಬಿದವರಿಗೆ ಮಾತ್ರ ದೀಕ್ಷಾಸ್ನಾನ, ಅದೂ ಪೂರ್ತಿ ನೀರಿನಲ್ಲಿ ಮುಳುಗಿಸಿ, ಎಂಬುದು ಇವರ ಗುರುತು. ಅದಕ್ಕಿಂತ ನಮ್ಮ ಕತೆಗೆ ಮುಖ್ಯವಾದದ್ದು ಇನ್ನೊಂದು: ಪ್ರತಿಯೊಂದು ಸಭೆಗೂ ತಾನೇ ಯಜಮಾನ, ಮೇಲೆ ಬಿಷಪ್ ಇಲ್ಲ. ಓಟು, ಬಸ್ಸು, ಶಾಲೆ, ಪಾರ್ಕು, ಎಲ್ಲವೂ ಬಿಳಿಯರ ಮುಷ್ಟಿಯಲ್ಲಿದ್ದ ಊರಿನಲ್ಲಿ ಕಪ್ಪು ಜನ ಪೂರ್ತಿ ತಮ್ಮದು ಎನ್ನಬಹುದಾದ ಜಾಗ ಅದು. ಅಲ್ಲಿ ಹಾಡು ಪ್ರಾರ್ಥನೆಗೆ ಸೇರಿಸಿದ ಅಲಂಕಾರವಲ್ಲ. ಎಷ್ಟೋ ಸಲ ಹಾಡೇ ಪ್ರಾರ್ಥನೆ.

ಆ ಹಾಡನ್ನು ನಲವತ್ತು ವರ್ಷ ಆಲ್ಬರ್ಟಾ ನಡೆಸಿದಳು. ಗಾಯಕವೃಂದ ಕಟ್ಟಿದಳು, ತರಬೇತಿ ಕೊಟ್ಟಳು, ಭಾನುವಾರಗಳಲ್ಲಿ ನುಡಿಸಿದಳು. 1950ರಿಂದ 1962ರವರೆಗೆ ರಾಷ್ಟ್ರೀಯ ಬ್ಯಾಪ್ಟಿಸ್ಟ್ ಒಕ್ಕೂಟದ ಮಹಿಳಾ ವಿಭಾಗಕ್ಕೂ ಆಕೆಯೇ ಆರ್ಗನ್ ವಾದಕಿ. ನಡುವೆ, ಮೂವರು ಮಕ್ಕಳ ತಾಯಿಯಾಗಿ, 1938ರಲ್ಲಿ ಮಾರಿಸ್ ಬ್ರೌನ್ ಕಾಲೇಜಿನಿಂದ ಬಿ.ಎ. ಮುಗಿಸಿದಳು. ಪುಟ್ಟ ಮಾರ್ಟಿನ್ ಊರಿನ ಬೇರೆ ಬೇರೆ ಚರ್ಚುಗಳಲ್ಲಿ ನಿಂತು ಹಾಡುವಾಗ ಪಿಯಾನೋ ಹಿಂದೆ ತಾಯಿ ಇರುತ್ತಿದ್ದಳು. ಜನರೆದುರು ಬಾಯಿ ತೆರೆಯುವುದನ್ನು ಆ ಹುಡುಗ ಕಲಿತದ್ದು ಅಪ್ಪನ ಪ್ರಸಂಗದಿಂದ ಮಾತ್ರ ಎಂದು ನಾನಂತೂ ಒಪ್ಪುವುದಿಲ್ಲ.

ಅನುಕೂಲದ ಕತೆಯಷ್ಟೇ ಹೇಳಿದರೆ ತಪ್ಪಾಗುತ್ತದೆ. 1939ರ ಡಿಸೆಂಬರಿನಲ್ಲಿ 'ಗಾನ್ ವಿತ್ ದ ವಿಂಡ್' ಚಿತ್ರದ ಮೊದಲ ಪ್ರದರ್ಶನಕ್ಕೆ ಇಡೀ ಆಟ್ಲಾಂಟಾ ಸಿಂಗಾರಗೊಂಡಿತ್ತು. ಆ ಸಂಭ್ರಮದಲ್ಲಿ ಬಿಳಿಯ ಸಿರಿವಂತ ಹೆಂಗಸರ ಜೂನಿಯರ್ ಲೀಗ್ ಒಂದು ನೃತ್ಯಕೂಟ ನಡೆಸಿತು. ಅಲ್ಲಿ ಹಾಡಲು ಕರೆದದ್ದು ಎಬೆನೀಜರ್ ಗಾಯಕವೃಂದವನ್ನು. ತೋಟದ ಬಂಗಲೆಯ ರಂಗಸಜ್ಜಿಕೆ, ಅದರ ಮುಂದೆ ಗುಲಾಮರ ವೇಷದಲ್ಲಿ ಹಾಡುಗಾರರು. ಗುಲಾಮಗಿರಿ ಮುಗಿದು ಎಪ್ಪತ್ತೈದು ವರ್ಷವೂ ತುಂಬಿರಲಿಲ್ಲ. ಅಂದು ವೃಂದವನ್ನು ನಡೆಸಿದವಳು ಆಲ್ಬರ್ಟಾ. ಹಾಡಿದವರ ನಡುವೆ ಹತ್ತು ವರ್ಷದ ಮಾರ್ಟಿನ್ ಕೂಡ ಇದ್ದ. ಆ ಚಿತ್ರದ ಕಪ್ಪು ನಟಿ ಹ್ಯಾಟಿ ಮೆಕ್‌ಡ್ಯಾನಿಯಲ್‌ಗೇ ಆಟ್ಲಾಂಟಾದ ಪ್ರದರ್ಶನಕ್ಕೆ ಬರುವ ಅವಕಾಶವಿರಲಿಲ್ಲ. ಪಾಸ್ಟರ್ ಕಿಂಗ್ ತಮ್ಮವರಿಂದಲೇ ಟೀಕೆ ಕೇಳಬೇಕಾಯಿತು. ಆಕೆಯನ್ನು ಅಳೆಯಲು ನನಗೆ ಮನಸ್ಸಿಲ್ಲ. ಆದರೆ ಈ ಪ್ರಸಂಗವನ್ನು ಬಿಟ್ಟು ಬರೆದ ಜೀವನಕತೆಗಳು ಆಕೆಗೆ ಉಪಕಾರ ಮಾಡಿಲ್ಲ ಅನ್ನಿಸುತ್ತದೆ. ಒಳ್ಳೆಯ ಸಂಗೀತವನ್ನು ಯಾರ ಅಂಗಳದಲ್ಲಿ, ಯಾವ ವೇಷದಲ್ಲಿ ಹಾಡಬೇಕು ಎಂಬ ತೀರ್ಮಾನವೂ ಆಗ ಪೂರ್ತಿ ಅವರ ಕೈಯಲ್ಲಿರಲಿಲ್ಲ.

ಅದೇ ಆಲ್ಬರ್ಟಾ, ಅದಕ್ಕೂ ಕೆಲವು ವರ್ಷ ಮೊದಲು, ಬಿಳಿಯ ಗೆಳೆಯ ಇನ್ನು ಆಟಕ್ಕೆ ಬರುವುದಿಲ್ಲವಂತೆ ಎಂದು ಬೇಸರದಿಂದ ಬಂದ ಮಗನನ್ನು ಕೂರಿಸಿಕೊಂಡು ಗುಲಾಮಗಿರಿಯಿಂದ ಶುರುಮಾಡಿ ಬೇರೆ ಬೇರೆ ನಲ್ಲಿ, ಬೇರೆ ಬೇರೆ ಬಾಗಿಲುಗಳವರೆಗೆ ಎಲ್ಲವನ್ನೂ ಬಿಡಿಸಿ ಹೇಳಿದ್ದಳು. ನೀನು ಯಾರಿಗೂ ಕಡಿಮೆಯಲ್ಲ ಎಂದೂ ಹೇಳಿದ್ದಳು. ಮಾರ್ಟಿನ್ ಮುಂದೆ ಇದನ್ನು ಮತ್ತೆ ಮತ್ತೆ ನೆನೆದಿದ್ದಾರೆ.

1956ರಲ್ಲಿ ಮಾಂಟ್ಗಮರಿಯಲ್ಲಿ ಮಗನ ಮನೆಯ ಮೇಲೆ ಬಾಂಬು ಬಿತ್ತು. ಆ ದಿನಗಳಲ್ಲಿ ತಾಯಿ ವೈದ್ಯರ ಮಾತಿನಂತೆ ಹಾಸಿಗೆ ಹಿಡಿದಿದ್ದಳು. ಮುಂದಿನ ಹನ್ನೆರಡು ವರ್ಷ ಹೇಗೆ ಕಳೆದಳೋ. 1959ರಲ್ಲಿ ಮಗ, ಸೊಸೆ ಭಾರತಕ್ಕೆ ಬಂದರು. ಮುಂಬಯಿಯವರು ಗಾಂಧೀಜಿಯ ಮಣಿ ಭವನಕ್ಕೆ ಹೋದರೆ ನೆನಪಿಸಿಕೊಳ್ಳಿ, ಅವರು ಅಲ್ಲಿ ತಂಗಿದ್ದರು. ಮಾರ್ಟಿನ್ ಮಾತಾಡಿದ ಸಭೆಗಳಲ್ಲಿ ಸೊಸೆ ಕೊರೆಟಾ ಕಪ್ಪು ಜನರ ಭಕ್ತಿಗೀತೆಗಳನ್ನು ಹಾಡಿದರು. ಅತ್ತೆ ಆರ್ಗನ್ ವಾದಕಿ, ಸೊಸೆ ಬಾಸ್ಟನ್ನಿನಲ್ಲಿ ಸಂಗೀತ ಕಲಿತ ಗಾಯಕಿ.

1968ರ ಏಪ್ರಿಲ್ 4ರ ಮಧ್ಯಾಹ್ನ ಮೆಂಫಿಸ್‌ನ ಮೋಟೆಲಿನಿಂದ ಇಬ್ಬರು ಗಂಡುಮಕ್ಕಳೂ ಅಮ್ಮನಿಗೆ ಫೋನು ಮಾಡಿದರು. ಮಾರ್ಟಿನ್ ತಾನು ಎ. ಡಿ. ಎಂದೂ, ಎ. ಡಿ. ತಾನು ಮಾರ್ಟಿನ್ ಎಂದೂ ದನಿ ಬದಲಿಸಿ ಅಮ್ಮನನ್ನು ಗೋಳುಹೊಯ್ದುಕೊಂಡರು. ಬಹಳ ಹೊತ್ತು ಮಾತಾಡಿದರು. ಅಂದು ಸಂಜೆ ಮಾರ್ಟಿನ್ ಗುಂಡಿಗೆ ಬಲಿಯಾದರು. ಮರುವರ್ಷ ಜುಲೈನಲ್ಲಿ ಎ. ಡಿ. ತಮ್ಮ ಮನೆಯ ಈಜುಕೊಳದಲ್ಲಿ ಸತ್ತು ಬಿದ್ದಿದ್ದರು.

ತಾಯಿ ಮತ್ತೆ ಚರ್ಚಿಗೆ ಹೋದಳು, ಮತ್ತೆ ನುಡಿಸಿದಳು. 1974ರ ಜೂನ್ 30, ಭಾನುವಾರ. ಎಪ್ಪತ್ತರ ಆಸುಪಾಸಿನ ಆಕೆ ಆರ್ಗನ್ ಮೇಲೆ ಕರ್ತನ ಪ್ರಾರ್ಥನೆ ನುಡಿಸುತ್ತಿದ್ದಾಗ ಸಭೆಯ ನಡುವಿಂದೆದ್ದ ಒಬ್ಬ ಯುವಕ ಗುಂಡು ಹಾರಿಸಿದ. ಆಲ್ಬರ್ಟಾ ಸತ್ತಳು. ಎಡ್ವರ್ಡ್ ಬಾಯ್ಕಿನ್ ಎಂಬ ಡೀಕನ್ ಕೂಡ ಸತ್ತರು. ಕೊಂದವನು ಕಪ್ಪು ಹುಡುಗ, ಇಪ್ಪತ್ಮೂರು ವರ್ಷದವನು; ಕ್ರೈಸ್ತರೆಲ್ಲ ತನ್ನ ಶತ್ರುಗಳು ಎಂದ. ಗುರಿಯಿದ್ದದ್ದು ಪಾಸ್ಟರ್ ಮೇಲಂತೆ, ಹತ್ತಿರ ಸಿಕ್ಕವಳು ಹೆಂಡತಿ. ತನ್ನ ಸಾವಿನಲ್ಲೂ ಆಕೆ ಇನ್ನೊಬ್ಬರ ಜಾಗದಲ್ಲಿದ್ದವಳು ಎಂಬುದನ್ನು ಓದಿದಾಗ ನಾನು ಪುಸ್ತಕ ಮುಚ್ಚಿಟ್ಟೆ. ನ್ಯಾಯಾಲಯ ಮರಣದಂಡನೆ ವಿಧಿಸಿತು. ಕಿಂಗ್ ಕುಟುಂಬ ಮರಣದಂಡನೆಯನ್ನು ಒಪ್ಪುವುದಿಲ್ಲ ಎಂದಿತು. 1995ರಲ್ಲಿ ಶಿಕ್ಷೆ ಜೀವಾವಧಿಗೆ ಇಳಿದದ್ದರಲ್ಲಿ ಅವರ ನಿಲುವಿನ ಪಾಲೂ ಇತ್ತು.

ಉಳಿದವಳು ಮಗಳು ಕ್ರಿಸ್ಟಿನ್. ತಾಯಿ ಓದಿದ ಸ್ಪೆಲ್ಮನ್‌ನಲ್ಲೇ ದಶಕಗಟ್ಟಲೆ ಪಾಠ ಹೇಳಿ, 2023ರ ಜೂನ್ 29ರಂದು, ತಾಯಿ ಸತ್ತ ತಾರೀಖಿಗೆ ಒಂದು ದಿನ ಮೊದಲು, ತೊಂಬತ್ತೈದನೆಯ ವಯಸ್ಸಿನಲ್ಲಿ ತೀರಿಕೊಂಡರು. ತಮ್ಮನ ಬಗ್ಗೆ 2003ರಲ್ಲಿ ಅವರು ಮಕ್ಕಳಿಗಾಗಿ ಒಂದು ಪುಸ್ತಕ ಬರೆದರು. ಆಬರ್ನ್ ರಸ್ತೆಯ ಆ ಮನೆಯಲ್ಲಿ ಮೂವರು ಮಕ್ಕಳಿಗೂ ಪಿಯಾನೋ ಪಾಠವಿತ್ತು, ಗಂಡುಹುಡುಗರಿಗೆ ಅದು ಬೇಡವಾಗಿತ್ತು. ಒಂದು ದಿನ ಮೇಷ್ಟ್ರು ಬರುವ ಮೊದಲು ಪಿಯಾನೋ ಮುಂದಿನ ಸ್ಟೂಲಿನ ಕಾಲು ಸಡಿಲ ಮಾಡಿಟ್ಟರು. ಮೇಷ್ಟ್ರು ಬಂದು ಕೂತರು, ಧಡಾರನೆ ಬಿದ್ದರು.